ಮೊದಲ ಸಲ ಕೋಳಿ ಸಾಕುವವರಿಗೆ: ಎಲ್ಲಿಂದ ತರಬೇಕು, ಹೇಗೆ ನೋಡಿ ತರಬೇಕು

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಅಂದುಕೊಂಡವರು ಮೊದಲು ಕೇಳುವುದು, ಯಾವ ತಳಿ ಒಳ್ಳೇದು ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಯಾರ ಹತ್ತಿರ ತರುತ್ತೀರಿ, ಎಷ್ಟು ವಯಸ್ಸಿನದು ತರುತ್ತೀರಿ, ಇದು ಮೊದಲನೇದು. ಎಂಥ ಒಳ್ಳೆ ತಳಿಯಾದರೂ ಸಂತೆಯಿಂದ ರೋಗ ಅಂಟಿಸಿಕೊಂಡು ಬಂದರೆ ವಾರದೊಳಗೆ ಗೂಡು ಖಾಲಿಯಾಗುತ್ತದೆ. ಹೆಸರಿಲ್ಲದ ಊರ ಕೋಳಿಯೇ ಇರಲಿ, ಲಸಿಕೆ ಆಗಿ, ಚುರುಕಾಗಿ, ಒಂದೇ ಕಡೆ ಬೆಳೆದದ್ದಾದರೆ ಹೊಸಬರ ಕೈಯಲ್ಲೂ ಚೆನ್ನಾಗಿ ಬದುಕುತ್ತದೆ.

ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಎರಡು ಮೂರು ತಿಂಗಳಾದ, ಲಸಿಕೆ ಹಾಕಿಸಿರುವ ನಾಲ್ಕೈದು ಹೇಂಟೆಗಳನ್ನು ಒಂದೇ ಕಡೆಯಿಂದ, ಒಂದೇ ದಿನ ತನ್ನಿ. ಒಂದೊಂದು ಕಡೆಯಿಂದ ಒಂದೊಂದು ತಂದು ಕೂಡಿಸಿದರೆ ಅವು ಕಚ್ಚಾಡುತ್ತವೆ, ಅದಕ್ಕಿಂತ ಹೆಚ್ಚಾಗಿ ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ. ಒಂದೇ ಒಂದು ಕೋಳಿ ತರುವುದಂತೂ ಬೇಡವೇ ಬೇಡ. ಕೋಳಿ ಗುಂಪಲ್ಲಿ ಬದುಕುವ ಪ್ರಾಣಿ, ಒಂಟಿಯಾದರೆ ಮೇವು ಬಿಟ್ಟು ಕೂಗುತ್ತಾ ನಿಂತುಬಿಡುತ್ತದೆ.

ಒಂದು ದಿನದ ಮರಿ ಯಾಕೆ ಬೇಡ? ಬೆಲೆ ಕಡಿಮೆ, ನೋಡೋಕೆ ಮುದ್ದು, ಮಕ್ಕಳು ಬೇಕೇ ಬೇಕು ಅಂತ ಹಟ ಹಿಡಿಯುತ್ತಾರೆ, ಎಲ್ಲ ಸರಿ. ಆದರೆ ತಾಯಿ ಇಲ್ಲದ ಮರಿಗೆ ಕಾವು ನೀವೇ ಕೊಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ರಾತ್ರಿ ಕರೆಂಟ್ ಹೋಗಿ ಬಲ್ಬು ಆರಿದರೆ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದವು ಉಸಿರು ಕಟ್ಟಿ ಸಾಯುತ್ತವೆ. ಜೊತೆಗೆ, ಒಂದು ದಿನದ ಮರಿಯಲ್ಲಿ ಹೆಣ್ಣು ಯಾವುದು ಗಂಡು ಯಾವುದು ಅಂತ ನಮಗೆ ಗೊತ್ತಾಗುವುದಿಲ್ಲ. ಹತ್ತು ತಂದರೆ ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಆಗುತ್ತವೆ. ಮೊಟ್ಟೆಗೋಸ್ಕರ ಸಾಕುವವರಿಗೆ ಐದು ಹುಂಜ ಇಟ್ಟುಕೊಂಡು ಏನಾಗಬೇಕು ಹೇಳಿ. ಒಂದು ವರ್ಷ ಕೋಳಿ ಸಾಕಿ ಅವುಗಳ ಸ್ವಭಾವ ತಿಳಿದ ಮೇಲೆ ಮರಿ ತನ್ನಿ, ಆಗ ಕಷ್ಟ ಅನಿಸುವುದಿಲ್ಲ.

ಇನ್ನೊಂದು ತುದಿಯಲ್ಲಿ, ‘ಈಗಾಗಲೇ ಮೊಟ್ಟೆ ಇಡುತ್ತಿರುವ ಕೋಳಿ’ ಅಂತ ಮಾರುವವರ ಹತ್ತಿರವೂ ಹುಷಾರಾಗಿರಿ. ಮೊಟ್ಟೆ ಫಾರಂಗಳಲ್ಲಿ ಸುಮಾರು 72 ವಾರ ವಯಸ್ಸಾಗಿ ಮೊಟ್ಟೆ ಇಳಿದ ಮೇಲೆ ಕೋಳಿಗಳನ್ನು ತೆಗೆದುಹಾಕುತ್ತಾರೆ, ಅವೇ ಎಷ್ಟೋ ಸಲ ಕೈ ಬದಲಾಯಿಸಿ ಸಂತೆಗೆ ಬರುತ್ತವೆ. ಕೊಕ್ಕಿನ ತುದಿ ಮೊಂಡಾಗಿ, ಕತ್ತಿನ ಮತ್ತು ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತಿದ್ದರೆ ಅನುಮಾನ ಪಡಿ. ಅವು ಪಂಜರ ಬಿಟ್ಟು ಬೇರೇನೂ ಕಂಡಿರುವುದಿಲ್ಲ, ನೆಲ ಕೆದಕಿ ಹುಳ ಹುಡುಕುವುದನ್ನು ಹೊಸದಾಗಿ ಕಲಿಯಬೇಕು. ಪ್ರೀತಿಯಿಂದ ಸಾಕುವವರು ಸಾಕಬಹುದು, ಆದರೆ ದಿನಾ ಮೊಟ್ಟೆ ಸಿಗುತ್ತೆ ಅಂತ ನಂಬಿ ತರಬೇಡಿ.

ಈಗ ತಳಿ. ಊರ ನಾಟಿ ಕೋಳಿ ವರ್ಷಕ್ಕೆ ಸುಮಾರು 50ರಿಂದ 80 ಮೊಟ್ಟೆ ಇಡುತ್ತದೆ, ಅಷ್ಟೇ. ಆದರೆ ಅದು ಕಾವಿಗೆ ಕೂರುತ್ತದೆ, ಮರಿ ಮಾಡಿಕೊಂಡು ತಾನೇ ಸಾಕುತ್ತದೆ, ಹದ್ದು ಬಂದರೆ ಮರಿಗಳನ್ನು ರೆಕ್ಕೆಯೊಳಗೆ ಮುಚ್ಚಿಕೊಳ್ಳುತ್ತದೆ. ಗಿರಿರಾಜ ಮತ್ತು ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲೇ ಹುಟ್ಟಿದ ತಳಿಗಳು. ಗಿರಿರಾಜ ತೂಕದ ಕೋಳಿ, ಮಾಂಸಕ್ಕೂ ಆಗುತ್ತದೆ, ಮೊಟ್ಟೆಗೂ ಆಗುತ್ತದೆ. ಆದರೆ ಭಾರ ಇರುವುದರಿಂದ ನಾಯಿ ಅಟ್ಟಿಸಿಕೊಂಡು ಬಂದರೆ ಹಾರಿ ತಪ್ಪಿಸಿಕೊಳ್ಳುವುದು ಕಷ್ಟ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಚುರುಕು, ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಕೊಡುತ್ತದೆ. ಮನೆ ಹಿತ್ತಲಿಗೆ, ಅದರಲ್ಲೂ ಹೊಸಬರಿಗೆ, ನನ್ನ ಓಟು ಇದಕ್ಕೇ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ನಮ್ಮಲ್ಲಿ ಸಿಗುತ್ತವೆ, ಹಿತ್ತಲಿಗೆಂದೇ ಮಾಡಿದ ತಳಿಗಳು ಅವು. ಮೊಟ್ಟೆಗೆಂದೇ ಮಾಡಿದ ಬಿವಿ 380 ಅನ್ನುವ ತಳಿ ವರ್ಷಕ್ಕೆ 300ರ ಹತ್ತಿರ ಕಂದು ಮೊಟ್ಟೆ ಇಡುತ್ತದೆ ನಿಜ, ಆದರೆ ಅದಕ್ಕೆ ಸರಿಯಾದ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಯ ಸಿದ್ಧ ಮೇವು, ದಿನಾ ಬೇಕು. ಅನ್ನ, ನುಚ್ಚು ಹಾಕಿ 300 ಮೊಟ್ಟೆ ಕೇಳಿದರೆ ಎಲ್ಲಿಂದ ಕೊಟ್ಟೀತು? ಕಡಕ್‌ನಾಥ್ ಬಗ್ಗೆ ಪ್ರಚಾರ ಜಾಸ್ತಿ. ಮಧ್ಯಪ್ರದೇಶದ ಝಾಬುವಾ ಸೀಮೆಯ ತಳಿ ಅದು, 2018ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಚೆಂದದ ಕೋಳಿ, ಆದರೆ ಬೆರಕೆ ಮರಿಗಳನ್ನು ಅದೇ ಹೆಸರಲ್ಲಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಮೊದಲ ಗುಂಪಿಗೆ ಅದರ ಗೊಡವೆ ಬೇಡ.

ಒಂದು ಮಾತು ನೆನಪಿಡಿ. ಗಿರಿರಾಜ, ಸ್ವರ್ಣಧಾರ ಇವೆಲ್ಲ ಕಾವಿಗೆ ಕೂರುವುದು ಅಪರೂಪ. ಮುಂದೆ ಮನೆಯಲ್ಲೇ ಮರಿ ಮಾಡಿಸುವ ಆಸೆ ಇದ್ದರೆ ಗುಂಪಲ್ಲಿ ಒಂದು ನಾಟಿ ಹೇಂಟೆ ಇರಲಿ, ಅದೇ ಬೇರೆಯವುಗಳ ಮೊಟ್ಟೆಗೂ ಕಾವು ಕೊಡುತ್ತದೆ. ಅದಕ್ಕೂ ಲಸಿಕೆ ಆಗಿರಬೇಕು, ಮತ್ತು ಮೊದಲ ಎರಡು ಮೂರು ವಾರ ಅದನ್ನು ಬೇರೆ ಇಟ್ಟು ಆರೋಗ್ಯ ನೋಡಿಕೊಂಡೇ ಗುಂಪಿಗೆ ಬಿಡಿ.

ಎಲ್ಲಿ ಸಿಗುತ್ತವೆ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ, ಪಶುಪಾಲನಾ ಇಲಾಖೆಯ ಕೋಳಿ ಸಾಕಣೆ ಕೇಂದ್ರಗಳು, ಇಲ್ಲೆಲ್ಲ ವಿಚಾರಿಸಿ. ಹೆಸರಘಟ್ಟದಲ್ಲಿ ತರಬೇತಿಯನ್ನೂ ಕೊಡುತ್ತಾರೆ. ಸುಮ್ನೆ ಹೊರಟುಬಿಡಬೇಡಿ, ಮೊದಲೇ ಫೋನ್ ಮಾಡಿ ಮರಿ ಯಾವಾಗ ಬರುತ್ತೆ, ಬುಕ್ ಮಾಡಬೇಕಾ ಅಂತ ಕೇಳಿಕೊಳ್ಳಿ. ಇಂಥ ಕಡೆ ಹೆಚ್ಚಾಗಿ ಸಿಗುವುದು ಒಂದು ದಿನದ ಮರಿ. ಹಾಗಾಗಿ ನಿಮಗೆ ಬೇಕಾದ್ದು, ಅಲ್ಲಿಂದ ಮರಿ ತಂದು ಎರಡು ತಿಂಗಳು ಸಾಕಿ ಮಾರುವ ರೈತರು. ಅವರ ವಿಷಯ ತಿಳಿಯಬೇಕಾದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಊರಲ್ಲಿ ಯಾರ ಮನೆಯ ಕೋಳಿಗೆ ಲಸಿಕೆ ಆಗಿದೆ, ಯಾರ ಮನೆಯಲ್ಲಿ ಮೊನ್ನೆ ರೋಗ ಬಂದಿತ್ತು ಅನ್ನೋದು ಪಶು ಆಸ್ಪತ್ರೆಯವರಿಗೆ ಗೊತ್ತಿರುತ್ತದೆ. ಅದಕ್ಕಿಂತ ಒಳ್ಳೆ ಮಾಹಿತಿ ಇನ್ನೆಲ್ಲೂ ಸಿಗದು.

ಸಂತೆ ಬೇಡ ಅಂತ ನಾನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಹತ್ತಾರು ಊರಿನ ಕೋಳಿಗಳು ಒಂದೇ ಮಂಕರಿಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಗುಂಪಿಗೆ ಗುಂಪನ್ನೇ ಸಾಯಿಸುವ ಕೊಕ್ಕರೆ ರೋಗ (ರಾಣಿಖೇತ್) ಹರಡೋಕೆ ಅಷ್ಟು ಸಾಕು. ಅಲ್ಲದೆ ಮನೆಯಲ್ಲಿ ಕೋಳಿ ತೂಕಡಿಸುತ್ತಿದೆ ಅಂತ ಕಂಡ ತಕ್ಷಣ ಸಾಯುವ ಮುಂಚೆ ಮಾರಿಬಿಡೋಣ ಅನ್ನುವವರೂ ಇದ್ದಾರೆ. ಬೀದಿಯಲ್ಲಿ ಬಣ್ಣ ಹಚ್ಚಿ ಮಾರುವ ಗುಲಾಬಿ, ಹಸಿರು ಮರಿಗಳನ್ನಂತೂ ಮುಟ್ಟಬೇಡಿ. ಅವು ಹೆಚ್ಚಾಗಿ ಹ್ಯಾಚರಿಯವರು ಬೇಡ ಅಂತ ಬಿಟ್ಟ ಗಂಡು ಮರಿಗಳು, ಕಾವಿಲ್ಲದೆ, ಲಸಿಕೆ ಇಲ್ಲದೆ ಬಿಸಿಲಲ್ಲಿ ಸುತ್ತಿರುತ್ತವೆ. ಮನೆಗೆ ತಂದ ಎರಡು ಮೂರು ದಿನದಲ್ಲಿ ಸತ್ತು ಮಕ್ಕಳು ಅಳುತ್ತಾ ಕೂರುತ್ತಾರೆ.

ಕಾಲ ನೋಡಿಕೊಂಡು ತನ್ನಿ. ಯುಗಾದಿ ವರ್ಷತೊಡಕು, ಊರ ಮಾರಿಹಬ್ಬ, ಜಾತ್ರೆ ಹತ್ತಿರ ಬಂದರೆ ನಾಟಿ ಕೋಳಿಗೆ ಬೆಲೆ ಏರುತ್ತದೆ, ಮೇಲಾಗಿ ಬೇಸಿಗೆಯಲ್ಲಿ ಕೊಕ್ಕರೆ ರೋಗದ ಕಾಟ. ಶ್ರಾವಣದಲ್ಲಿ ಬೆಲೆ ಇಳಿಯುತ್ತದೆ, ಆದರೆ ಮಲೆನಾಡು ಕರಾವಳಿಯವರಿಗೆ ಆಗ ಇನ್ನೂ ಜೋರು ಮಳೆ, ಗೂಡು ಒಣಗಿಸುವುದೇ ಒಂದು ಕೆಲಸ. ದಸರಾ ಕಳೆದ ಮೇಲಿಂದ ಸಂಕ್ರಾಂತಿವರೆಗೆ ಶುರುಮಾಡಿದರೆ ಒಳ್ಳೇದು. ಬೇಸಿಗೆ ಬರುವಷ್ಟರಲ್ಲಿ ಕೋಳಿಗಳು ನಿಮ್ಮ ಜಾಗಕ್ಕೆ ಹೊಂದಿಕೊಂಡಿರುತ್ತವೆ. ಸುತ್ತಮುತ್ತ ಎಲ್ಲಾದರೂ ಹಕ್ಕಿ ಜ್ವರದ ಸುದ್ದಿ ಇದ್ದರೆ, 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಕಡೆ ಬಂದಿತ್ತಲ್ಲ, ಆಗ ಕೋಳಿ ತರುವುದನ್ನು ಪೂರ್ತಿ ಮುಂದಕ್ಕೆ ಹಾಕಿ.

ಸರಿ, ಮಾರುವವರ ಮನೆಗೆ ಹೋದಿರಿ ಅಂತ ಇಟ್ಟುಕೊಳ್ಳಿ. ಹೋದ ತಕ್ಷಣ ಕೋಳಿ ಹಿಡಿಯಬೇಡಿ. ಹತ್ತು ನಿಮಿಷ ಸುಮ್ನೆ ನಿಂತು ಇಡೀ ಗುಂಪನ್ನು ನೋಡಿ. ಆರೋಗ್ಯದ ಕೋಳಿ ಒಂದು ಕಡೆ ನಿಲ್ಲುವುದಿಲ್ಲ, ಕೆದಕುತ್ತಿರುತ್ತದೆ, ಕುಕ್ಕುತ್ತಿರುತ್ತದೆ. ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ರೆಕ್ಕೆ ಜೋಲುಬಿಟ್ಟು, ಕಣ್ಣು ಮುಚ್ಚಿ ನಿಂತದ್ದು ಒಂದು ಕಂಡರೂ ಆ ಗುಂಪಿಂದ ಏನೂ ತರಬೇಡಿ. ಆ ಒಂದನ್ನು ಬಿಟ್ಟು ಉಳಿದವು ಚೆನ್ನಾಗಿವೆ ಅನ್ನುವ ಮಾತು ಕೇಳಬೇಡಿ, ರೋಗ ಅಷ್ಟರಲ್ಲಿ ಉಳಿದವಕ್ಕೂ ಹೋಗಿರಬಹುದು. ನೆಲದ ಮೇಲೆ ಹಿಕ್ಕೆ ನೋಡಿ. ಗಟ್ಟಿಯಾಗಿ ಮೇಲೆ ಬಿಳಿ ಇದ್ದರೆ ಸರಿ. ಹಸಿರು ನೀರಾದರೆ, ರಕ್ತ ಕಂಡರೆ, ವಾಪಸ್ ಬನ್ನಿ.

ಆಮೇಲೆ ಒಂದೊಂದನ್ನೇ ಕೈಗೆ ತಗೊಳ್ಳಿ, ರೆಕ್ಕೆ ಸೇರಿಸಿ ಎರಡೂ ಕೈಯಲ್ಲಿ ಹಿಡಿದು ಮೈಗೆ ಒತ್ತಿಕೊಂಡರೆ ಒದ್ದಾಡುವುದಿಲ್ಲ. ಕಣ್ಣು ದುಂಡಗೆ ಹೊಳೆಯುತ್ತಿರಬೇಕು, ಮೂಲೆಯಲ್ಲಿ ನೊರೆ ಇರಬಾರದು. ಮೂಗಿನ ತೂತು ಒಣಗಿರಬೇಕು. ಎದೆಯನ್ನು ನಿಮ್ಮ ಕಿವಿಗೆ ಹತ್ತಿರ ಹಿಡಿದು ಉಸಿರು ಕೇಳಿ, ಗೊರ ಗೊರ ಶಬ್ದ ಬಂದರೆ ಬೇಡ. ಎದೆಯ ನಡುಮೂಳೆ ಸವರಿ ನೋಡಿ. ಎರಡೂ ಕಡೆ ಮಾಂಸ ಸಿಗಬೇಕು, ಬರೀ ಮೂಳೆ ಕೈಗೆ ಚುಚ್ಚಿದರೆ ಹೊಟ್ಟೆಯಲ್ಲಿ ಹುಳ ಇರಬಹುದು, ಇಲ್ಲವೇ ಮೇವು ಸಾಲದೆ ಬೆಳೆದಿರುತ್ತದೆ. ಬಾಲದ ಕೆಳಗೆ ಪುಕ್ಕ ಸರಿಸಿ ನೋಡುವುದನ್ನು ಮಾತ್ರ ಮರೆಯಬೇಡಿ. ಅಲ್ಲಿ ಹಿಕ್ಕೆ ಅಂಟಿ ಹೆಪ್ಪುಗಟ್ಟಿದ್ದರೆ ಭೇದಿ ಆಗಿದೆ ಅಂತ ಅರ್ಥ. ಪುಕ್ಕದ ಬುಡದಲ್ಲಿ ಬಿಳಿ ಗಂಟುಗಳಿದ್ದರೆ ಹೇನಿನ ಮೊಟ್ಟೆ. ಹೇನಿಗೆ ಔಷಧಿ ಇದೆ, ಅದೊಂದಕ್ಕೇ ಕೋಳಿ ಬಿಡಬೇಕಾಗಿಲ್ಲ, ಆದರೆ ಸಾಕಿದವರು ಎಷ್ಟು ನಿಗಾ ಮಾಡಿದ್ದಾರೆ ಅನ್ನೋದು ಅದರಲ್ಲೇ ತಿಳಿಯುತ್ತದೆ. ಕಾಲಿನ ಪೊರೆ ನುಣುಪಾಗಿ ಕೂತಿರಬೇಕು, ಎದ್ದು ಒರಟಾಗಿದ್ದರೆ ನುಸಿ ಹತ್ತಿದೆ.

ಗಂಡು ಹೆಣ್ಣು ಗುರುತಿಸೋಕೆ ಎರಡು ತಿಂಗಳ ಹೊತ್ತಿಗೆ ಗಂಡಿನ ಜುಟ್ಟು ದೊಡ್ಡದಾಗಿ ಕೆಂಪೇರಿರುತ್ತದೆ, ಕಾಲು ದಪ್ಪ. ಮೂರು ತಿಂಗಳ ಹೊತ್ತಿಗೆ ಇನ್ನೂ ಸುಲಭ. ಬಾಲದ ಬುಡದಲ್ಲಿ, ಬೆನ್ನು ಮುಗಿಯುವ ಕಡೆ ಪುಕ್ಕ ನೋಡಿ. ಗಂಡಿಗೆ ಅಲ್ಲಿ ಉದ್ದಕ್ಕೆ ಚೂಪಾದ ಹೊಳೆಯುವ ಗರಿ ಬರುತ್ತದೆ, ಹೆಣ್ಣಿಗೆ ತುದಿ ದುಂಡಗೇ ಇರುತ್ತದೆ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಪೇಟೆಯಲ್ಲಿ ಇರುವವರು ಹುಂಜ ತರಲೇಬೇಡಿ, ಬೆಳಗಿನ ಜಾವ ನಾಲ್ಕಕ್ಕೆ ಅದು ಕೂಗಿದರೆ ಅಕ್ಕಪಕ್ಕದವರಿಗೆ ತೊಂದರೆ. ಕೋಳಿ ತರುವ ಮುಂಚೆ ಅವರಿಗೊಂದು ಮಾತು ಹೇಳಿಬಿಡಿ.

ಲಸಿಕೆ ಆಗಿದೆಯಾ ಅಂತ ಕೇಳಿದರೆ ಎಲ್ಲರೂ ಆಗಿದೆ ಅಂತಲೇ ಹೇಳುತ್ತಾರೆ. ಯಾವುದು, ಯಾವಾಗ ಅಂತ ಕೇಳಿ. ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ ಕಣ್ಣಿಗೆ ಹನಿ ಹಾಕುವ ಲಸೋಟ, ಎರಡನೇ ವಾರದ ಹೊತ್ತಿಗೆ ಗಂಬೊರೊ ಅನ್ನುವ ಇನ್ನೊಂದು ರೋಗದ ಲಸಿಕೆ, ತಿಂಗಳ ಹೊತ್ತಿಗೆ ಮತ್ತೆ ಲಸೋಟ, ಎಂಟು ವಾರಕ್ಕೆ ಕೊಕ್ಕರೆ ರೋಗಕ್ಕೇ ಆರ್2ಬಿ ಇಂಜೆಕ್ಷನ್, ಸಾಮಾನ್ಯವಾಗಿ ಹೀಗಿರುತ್ತದೆ. ನಿಜವಾಗಿ ಹಾಕಿಸಿದವರು ತಡವರಿಸದೆ ಹೇಳುತ್ತಾರೆ.

ಕೋಳಿ ಬರುವ ಮುಂಚೆಯೇ ಗೂಡು ರೆಡಿ ಇರಬೇಕು, ಇದರಲ್ಲಿ ಎರಡು ಮಾತಿಲ್ಲ. ಒಂದು ಕೋಳಿಗೆ ಎರಡರಿಂದ ಎರಡೂವರೆ ಚದರ ಅಡಿ ಒಳಜಾಗ, ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು, ರಾತ್ರಿ ಕೂರೋಕೆ ಅಡ್ಡ ಕೋಲು. ಅಗ್ಗದ ತೆಳು ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ನಾಯಿ ಅದನ್ನು ಹರಿದುಹಾಕುತ್ತದೆ, ಮುಂಗುಸಿ ನುಗ್ಗುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ (ಬೆಸುಗೆ ಹಾಕಿದ ಗಟ್ಟಿ ಜಾಲರಿ) ಹಾಕಿಸಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ತರುವಾಗ ಕಾಲು ಕಟ್ಟಿ ತಲೆಕೆಳಗಾಗಿ ಸ್ಕೂಟರಿಗೆ ನೇತುಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬ ಅಥವಾ ಬಿದಿರ ಮಂಕರಿ ಸಾಕು, ಕತ್ತಲಾಗಿದ್ದರೆ ಅವು ತೆಪ್ಪಗೆ ಕೂರುತ್ತವೆ. ಸರ್ಕಾರಿ ಬಸ್ಸಲ್ಲಿ ತಂದರೆ ಕೋಳಿಗೂ ಟಿಕೆಟ್ ಕೇಳುತ್ತಾರೆ, ಮೊದಲೇ ಕಂಡಕ್ಟರಿಗೆ ಹೇಳಿ ತಗೊಂಡುಬಿಡಿ. ಸಂಜೆ ಹೊತ್ತಿಗೆ ಮನೆ ಸೇರುವಂತೆ ನೋಡಿಕೊಂಡು ನೇರ ಗೂಡಿಗೇ ಬಿಡಿ. ಸ್ವಲ್ಪ ಬೆಲ್ಲ ಕರಗಿಸಿದ ನೀರು ಮೊದಲು, ಅರ್ಧ ಗಂಟೆ ಬಿಟ್ಟು ಮೇವು. ಅಲ್ಲಿ ಏನು ತಿನ್ನುತ್ತಿದ್ದವೋ ಅದನ್ನೇ ಒಂದೆರಡು ಕೆಜಿ ಕೇಳಿ ತಂದರೆ ಇನ್ನೂ ಒಳ್ಳೇದು. ಮೊಟ್ಟೆ ಶುರುವಾಗುವ ತನಕ ಲೇಯರ್ ಫೀಡ್ ಹಾಕಬೇಡಿ, ಅದರಲ್ಲಿರುವ ಸುಣ್ಣದ ಅಂಶ ಬೆಳೆಯುವ ಕೋಳಿಯ ಮೂತ್ರಪಿಂಡಕ್ಕೆ ಭಾರ, ಬೆಳೆಯುವ ಕೋಳಿಗೆಂದೇ ಇರುವ ಗ್ರೋವರ್ ಫೀಡ್ ಸಾಕು.

ಒಂದು ವಾರ ಗೂಡಿನಿಂದ ಹೊರಗೆ ಬಿಡಬೇಡಿ. ಇದೇ ತಮ್ಮ ಮನೆ ಅಂತ ಅವಕ್ಕೆ ಗೊತ್ತಾಗಬೇಕಲ್ವಾ. ಆಮೇಲೆ ಮೊದಲ ಸಲ ಬಿಡುವುದು ಕತ್ತಲಾಗುವುದಕ್ಕೆ ಒಂದು ಗಂಟೆ ಇದೆ ಅನ್ನುವಾಗ. ದೂರ ಹೋಗೋಕೆ ಹೊತ್ತಿರುವುದಿಲ್ಲ, ಬೆಳಕು ಇಳಿದ ಹಾಗೆ ತಾವೇ ಒಳಗೆ ಬಂದು ಕೋಲಿನ ಮೇಲೆ ಕೂರುತ್ತವೆ.

ಆ ವಾರದಲ್ಲೇ ಪಶು ಆಸ್ಪತ್ರೆಗೆ ಹೋಗಿ ಮುಂದಿನ ಲಸಿಕೆ ಮತ್ತು ಹುಳದ ಔಷಧಿಯ ದಿನ ಬರೆಸಿಕೊಂಡು ಬನ್ನಿ. ಲಸಿಕೆಯ ಸೀಸೆ ಬರುವುದು ಹತ್ತಾರು, ನೂರಾರು ಕೋಳಿಗೆ ಆಗುವಷ್ಟು, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಗೋಸ್ಕರ ಒಂದು ಸೀಸೆ ಒಡೆಯುವುದು ನಷ್ಟ. ಬೀದಿಯಲ್ಲಿ ಇನ್ನೂ ಯಾರ ಮನೆಯಲ್ಲಿ ಕೋಳಿ ಇದೆ ಅಂತ ಕೇಳಿಕೊಂಡು, ಎಲ್ಲರೂ ಸೇರಿ ಒಂದೇ ದಿನ ಹಾಕಿಸಿ. ಪಕ್ಕದ ಮನೆಯ ಕೋಳಿಗೂ ಲಸಿಕೆ ಆದರೆ ನಿಮ್ಮವಕ್ಕೂ ಅಪಾಯ ಕಡಿಮೆ.