ವಯಸ್ಸಾದವರ ನೆನಪು ಮತ್ತು ಊಟ: ಯಾವುದನ್ನು ಮೊದಲು ಸರಿಪಡಿಸಬೇಕು

ಗೊತ್ತಿರುವ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುವುದು, ಇಟ್ಟ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕುವುದು ಹೆಚ್ಚಾದಾಗ ಹಿರಿಯರೂ ಅವರ ಮಕ್ಕಳೂ ಕೇಳುವ ಮೊದಲ ಪ್ರಶ್ನೆ, ನೆನಪಿಗೆ ಏನು ತಿನ್ನಬೇಕು ಎಂಬುದು. ಒಂದು ಹಣ್ಣಿನ ಅಥವಾ ಒಂದು ಬೀಜದ ಹೆಸರು ಈ ಪ್ರಶ್ನೆಗೆ ಉತ್ತರವಾಗಲಾರದು. ಆಹಾರ ನೆನಪಿಗೆ ನೆರವಾಗುವುದು ಮುಖ್ಯವಾಗಿ ಎರಡು ದಾರಿಗಳಲ್ಲಿ: ಮಿದುಳಿಗೆ ರಕ್ತ ಒಯ್ಯುವ ನಾಳಗಳನ್ನು ಅದು ಕಾಪಾಡುತ್ತದೆ, ನರಗಳಿಗೆ ಬೇಕಾದ ಪೋಷಕಾಂಶಗಳು ಕಡಿಮೆಯಾಗದಂತೆ ನೋಡಿಕೊಳ್ಳುತ್ತದೆ. ಮೊದಲನೆಯದರ ಫಲ ವರ್ಷಗಟ್ಟಲೆ ನಿಧಾನವಾಗಿ ಕೂಡಿಕೊಳ್ಳುವಂಥದ್ದು. ಎರಡನೆಯದರ ಫಲ ಕೆಲವರಲ್ಲಿ ತಿಂಗಳುಗಳೊಳಗೇ ಕಾಣುತ್ತದೆ. ಆದ್ದರಿಂದ ಕೊರತೆ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಊಟದ ಕ್ರಮವನ್ನು ಬದಲಿಸಲು ಹೊರಡುವುದು ಒಳ್ಳೆಯದು.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಒಂದು ವಾರದ ಮಟ್ಟಿಗೆ ತಟ್ಟೆಗೆ ಬಡಿಸಿದ್ದನ್ನಲ್ಲ, ಹೊಟ್ಟೆಗೆ ಹೋದದ್ದನ್ನು ಗಂಟೆಯ ಸಮೇತ ಬರೆದಿಡಬೇಕು. ಇವೆರಡರ ನಡುವಿನ ಅಂತರ ಮನೆಯವರ ಊಹೆಗಿಂತ ದೊಡ್ಡದಿರುತ್ತದೆ. ಬೆಳಿಗ್ಗೆ ಏಳಕ್ಕೆ ಚಹಾದೊಂದಿಗೆ ಎರಡು ಬಿಸ್ಕತ್ತು ತಿಂದವರು ಮಧ್ಯಾಹ್ನ ಒಂದರವರೆಗೆ ಬೇರೇನನ್ನೂ ಮುಟ್ಟಿರುವುದಿಲ್ಲ. ಮಧ್ಯಾಹ್ನದ ತಟ್ಟೆಯಲ್ಲಿ ಮೆತ್ತಗಿರುವುದೆಲ್ಲ ಮುಗಿದು, ಹಸಿ ತರಕಾರಿಯ ಹೋಳುಗಳು ಅಂಚಿಗೆ ಸರಿದು ಕುಳಿತಿರುತ್ತವೆ. ಹಾಗೆ ಅಂಚಿಗೆ ಸರಿದದ್ದು ಯಾವುದು ಎಂಬುದನ್ನು ಗಮನಿಸಿದರೆ ಕಾರಣವೂ ಸಿಗುತ್ತದೆ. ಗಟ್ಟಿ ಪದಾರ್ಥವೇ ಉಳಿಯುತ್ತಿದ್ದರೆ ಹಲ್ಲಿನ ಸೆಟ್ಟು ಸಡಿಲವಾಗಿರಬಹುದು ಅಥವಾ ವಸಡು ನೋಯುತ್ತಿರಬಹುದು, ಎಲ್ಲವೂ ಸಪ್ಪೆ ಎನ್ನುತ್ತಿದ್ದರೆ ವಯಸ್ಸಿನೊಂದಿಗೆ ವಾಸನೆಯ ಗ್ರಹಿಕೆ ತಗ್ಗಿರಬಹುದು, ಒಬ್ಬರೇ ಉಣ್ಣುವ ದಿನಗಳಲ್ಲಿ ಮಾತ್ರ ಊಟ ಅರ್ಧಕ್ಕೆ ನಿಲ್ಲುತ್ತಿದ್ದರೆ ಸಮಸ್ಯೆ ಅಡುಗೆಯಲ್ಲಿ ಇಲ್ಲವೇ ಇಲ್ಲ. ಈ ಬರಹದ ಜೊತೆಗೆ ದೇಹದ ತೂಕವನ್ನೂ, ಸೇವಿಸುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಅಂಗಡಿಯಿಂದ ತಾವೇ ತಂದುಕೊಂಡ ಮಾತ್ರೆಗಳನ್ನು ಬಿಡದೆ ಸೇರಿಸಿಕೊಳ್ಳಬೇಕು.

ಕೊರತೆಯ ಪರೀಕ್ಷೆ

ಆ ಹಾಳೆಯನ್ನು ಹಿಡಿದು ವೈದ್ಯರ ಬಳಿಗೆ ಹೋದಾಗ ಕೇಳಬೇಕಾದ ಮೊದಲ ಪರೀಕ್ಷೆ ವಿಟಮಿನ್ ಬಿ12ರದ್ದು. ನರತಂತುಗಳ ಮೇಲಿನ ಹೊದಿಕೆ ಸುಸ್ಥಿತಿಯಲ್ಲಿರಲು ಈ ವಿಟಮಿನ್ ಬೇಕೇ ಬೇಕು. ಇದು ಕಡಿಮೆಯಾದಾಗ ಮರೆವು, ಮಂಕು, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಳ್ಳಬಹುದು. ದಿನಕ್ಕೆ ಬೇಕಾದ ಪ್ರಮಾಣ ಕೇವಲ 2.4 ಮೈಕ್ರೋಗ್ರಾಂ. ಆದರೆ ಆಹಾರದಲ್ಲಿನ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಹೀರಿಕೊಳ್ಳಲು ಜಠರದಲ್ಲಿ ಸ್ರವಿಸುವ ಒಂದು ವಿಶೇಷ ಪ್ರೋಟೀನು ಬೇಕು. ವಯಸ್ಸಾದಂತೆ ಅನೇಕರಲ್ಲಿ ಜಠರದ ಒಳಪದರ ಸವೆದು ಆಮ್ಲ ಕಡಿಮೆಯಾಗುತ್ತದೆ. ಹೀಗಾಗಿ ಮಾಂಸ, ಮೊಟ್ಟೆ, ಹಾಲುಗಳನ್ನು ನಿತ್ಯ ಸೇವಿಸುವವರಲ್ಲೂ ಕೊರತೆ ಉಂಟಾಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅನ್ನು, ಎದೆಯುರಿಗೆ ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ವರ್ಷಗಳಿಂದ ಸೇವಿಸುತ್ತಿರುವವರಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಸಸ್ಯಮೂಲದ ಆಹಾರದಲ್ಲಿ ಬಿ12 ನೈಸರ್ಗಿಕವಾಗಿ ಭರವಸೆಯಿಡುವಷ್ಟು ಇರುವುದಿಲ್ಲವಾದ್ದರಿಂದ, ಹಾಲು ಮೊಟ್ಟೆಗಳನ್ನೂ ಬಿಟ್ಟವರು ಬಿ12 ಬೆರೆಸಿದ ಆಹಾರವನ್ನೋ ಮಾತ್ರೆಯನ್ನೋ ಅವಲಂಬಿಸಲೇಬೇಕಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ರಕ್ತ ಕೊಡುವ ಮೊದಲೇ ಬಿ12 ಮಾತ್ರೆ ಆರಂಭಿಸಿದರೆ ಪರೀಕ್ಷೆಯ ಅಂಕಿ ಮೇಲಕ್ಕೇರಿ ಕೊರತೆ ಮರೆಯಾಗುತ್ತದೆ. ಬಿ12 ನೋಡದೆ ಫೋಲಿಕ್ ಆಮ್ಲ ಎಂಬ ಇನ್ನೊಂದು ಬಿ ವಿಟಮಿನ್ ಅನ್ನಷ್ಟೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ, ಬಿ12 ಕೊರತೆಯಿಂದಾದ ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಅದೇ ಸಲ ಥೈರಾಯ್ಡ್, ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಸೋಡಿಯಂ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಮಾತ್ರೆಗಳ ಪಟ್ಟಿಯನ್ನು ವೈದ್ಯರು ನೋಡಲೇಬೇಕು, ಏಕೆಂದರೆ ನೆಗಡಿಗೆ ಮತ್ತು ನಿದ್ರೆಗೆ ಕೊಳ್ಳುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ವಯಸ್ಸಾದವರ ನೆನಪನ್ನು ನೇರವಾಗಿ ಮಂಕುಗೊಳಿಸಬಲ್ಲವು. ಅವು ನಿಲ್ಲದೆ ಊಟದ ಬದಲಾವಣೆಯಿಂದ ಹೆಚ್ಚೇನೂ ಆಗದು.

ನೀರು ಮತ್ತು ಊಟದ ಹೊತ್ತು

ವಯಸ್ಸಾದಂತೆ ಬಾಯಾರಿಕೆಯ ಸೂಚನೆ ದುರ್ಬಲವಾಗುತ್ತದೆ, ಆದ್ದರಿಂದ ಬಾಯಾರಿದಾಗ ಕುಡಿದರಾಯಿತು ಎಂಬ ನಿಯಮ ಸಾಲದು. ಪ್ರತಿ ಊಟದ ಜೊತೆ ಮತ್ತು ಪ್ರತಿ ಮಾತ್ರೆಯ ಜೊತೆ ಒಂದು ಪೂರ್ಣ ಲೋಟ ಎಂದು ಗೊತ್ತುಮಾಡಿಕೊಂಡರೆ ಲೆಕ್ಕವಿಡುವ ಕಷ್ಟವಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ಆ ಮಿತಿಯನ್ನೇ ಪಾಲಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಮುಂದೂಡಬಾರದು. ಮಾತ್ರೆ ನುಂಗಿ ಊಟ ಮರೆತಾಗ ಸಕ್ಕರೆ ತೀರ ಕೆಳಗಿಳಿದು ಗಲಿಬಿಲಿ, ಬೆವರು, ತಡವರಿಸುವ ಮಾತು ಕಾಣಿಸಿಕೊಳ್ಳುತ್ತವೆ, ಮನೆಯವರು ಅದನ್ನು ವಯಸ್ಸಿನ ಮರೆವು ಎಂದುಕೊಂಡು ಸುಮ್ಮನಿರುವುದೂ ಉಂಟು.

ತಟ್ಟೆಯ ಬದಲಾವಣೆ

ನೆನಪಿನ ದೃಷ್ಟಿಯಿಂದಲೇ ರೂಪುಗೊಂಡ ಊಟದ ಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು ಮೈಂಡ್ ಆಹಾರಕ್ರಮ. ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ತಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು ಮೆಡಿಟರೇನಿಯನ್ ಊಟದ ಕ್ರಮವನ್ನೂ ರಕ್ತದೊತ್ತಡ ಇಳಿಸಲು ರೂಪಿಸಿದ್ದ ಡ್ಯಾಶ್ ಕ್ರಮವನ್ನೂ ಸೇರಿಸಿ 2015ರಲ್ಲಿ ಇದನ್ನು ಪ್ರಕಟಿಸಿದರು. ವಾರಕ್ಕೆ ಕನಿಷ್ಠ ಆರು ಸಲ ಹಸಿರು ಸೊಪ್ಪು, ನಿತ್ಯವೂ ಮತ್ತೊಂದು ತರಕಾರಿ ಮತ್ತು ಇಡಿಧಾನ್ಯ, ಎರಡು ದಿನಕ್ಕೊಮ್ಮೆಯಾದರೂ ಕಾಳು, ಬಹುತೇಕ ದಿನಗಳಲ್ಲಿ ಒಂದು ಹಿಡಿ ಬಾದಾಮಿ ಅಥವಾ ಅಕ್ರೋಟಿನಂಥ ಬೀಜ, ವಾರಕ್ಕೆರಡು ಸಲ ಬೆರ್ರಿ ಜಾತಿಯ ಹಣ್ಣು, ಒಮ್ಮೆಯಾದರೂ ಮೀನು, ಅಡುಗೆಗೆ ಆಲಿವ್ ಎಣ್ಣೆ ಎಂಬುದು ಅದರ ತಿರುಳು. ಬೆಣ್ಣೆ, ಚೀಸ್, ಕೆಂಪು ಮಾಂಸ, ಸಿಹಿತಿಂಡಿ ಮತ್ತು ಕರಿದ ತಿನಿಸುಗಳಿಗೆ ಅದು ಮಿತಿ ಹಾಕುತ್ತದೆ.

ಇದರ ಪುರಾವೆಯನ್ನು ಓದುಗರು ನೇರವಾಗಿ ತಿಳಿದಿರಬೇಕು. ಇದನ್ನು ಚೆನ್ನಾಗಿ ಪಾಲಿಸಿದವರಲ್ಲಿ ನೆನಪನ್ನು ಕ್ರಮೇಣ ಅಳಿಸುವ ಅಲ್ಝೈಮರ್ ಕಾಯಿಲೆ ಕಡಿಮೆ ಕಂಡಿತೆಂದು 2015ರ ಅಧ್ಯಯನ ಹೇಳಿತಾದರೂ ಅದು ಜನರ ಊಟವನ್ನು ಗಮನಿಸಿ ಮಾಡಿದ ಅಧ್ಯಯನ, ಕಾರಣ ಊಟವೇ ಎಂದು ಅದರಿಂದ ಖಚಿತವಾಗಿ ಹೇಳಲಾಗದು. 604 ಮಂದಿಯನ್ನು ಎರಡು ಗುಂಪಾಗಿಸಿ ಮೂರು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂದಾಗ, ಈ ಕ್ರಮವನ್ನು ಪಾಲಿಸಿದವರಿಗೂ ತಮ್ಮ ಎಂದಿನ ಊಟವನ್ನೇ ಸ್ವಲ್ಪ ಮಿತಗೊಳಿಸಿದವರಿಗೂ ನೆನಪಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದೆಡೆ ಫಿನ್‌ಲೆಂಡಿನ ಫಿಂಗರ್ ಪ್ರಯೋಗದಲ್ಲಿ 60ರಿಂದ 77 ವಯಸ್ಸಿನ 1,260 ಮಂದಿ ಭಾಗವಹಿಸಿದ್ದರು. ಊಟ, ವ್ಯಾಯಾಮ, ಮಿದುಳಿಗೆ ಕಸರತ್ತು ಮತ್ತು ರಕ್ತದೊತ್ತಡ ಮೊದಲಾದವುಗಳ ಮೇಲೆ ನಿಗಾ, ಈ ನಾಲ್ಕನ್ನೂ ಎರಡು ವರ್ಷ ಒಟ್ಟಿಗೆ ನಡೆಸಿದಾಗ ಅಲ್ಪವಾದರೂ ಸ್ಪಷ್ಟವಾದ ಪ್ರಯೋಜನ ಕಂಡಿತು. ಊಟ ಒಂದನ್ನೇ ನೆಚ್ಚಿಕೊಂಡರೆ ನಿರಾಸೆಯಾಗುವ ಸಂಭವವಿದೆ, ನಡಿಗೆ ಮತ್ತು ರಕ್ತದೊತ್ತಡದ ಚಿಕಿತ್ಸೆಯ ಜೊತೆಗೆ ಅದನ್ನಿಟ್ಟುಕೊಂಡರೆ ಶ್ರಮ ಸಾರ್ಥಕವಾಗುತ್ತದೆ ಎಂದು ನಾನು ಇವೆರಡನ್ನೂ ಸೇರಿಸಿ ಓದುತ್ತೇನೆ. ಪಟ್ಟಿಯಲ್ಲಿನ ಹಣ್ಣೇ, ಎಣ್ಣೆಯೇ ಆಗಬೇಕೆಂಬ ಹಟ ಬೇಡ. ಗಾಢ ಬಣ್ಣದ ಯಾವುದೇ ಹಣ್ಣು, ಬೆಣ್ಣೆಯ ಜಾಗದಲ್ಲಿ ಯಾವುದಾದರೂ ಸಸ್ಯಮೂಲದ ಎಣ್ಣೆ ಎಂಬಷ್ಟು ಸಡಿಲವಾಗಿ ಪಾಲಿಸಿದರೆ ಸಾಕು.

ಎಪ್ಪತ್ತು ವರ್ಷದ ಅಭ್ಯಾಸವನ್ನು ಒಂದೇ ಸೋಮವಾರ ತಿರುಗಿಸಲು ಹೋದರೆ ಗುರುವಾರದ ಹೊತ್ತಿಗೆ ಜಗಳವಾಗುತ್ತದೆ. ಎರಡು ವಾರಕ್ಕೆ ಒಂದು ಬದಲಾವಣೆ ಸಾಕು, ಅದೂ ಈಗಾಗಲೇ ಇಷ್ಟಪಟ್ಟು ತಿನ್ನುವ ಪದಾರ್ಥದ ಮೂಲಕ. ಸೊಪ್ಪನ್ನು ಪ್ರತ್ಯೇಕವಾಗಿ ಬಡಿಸದೆ ಸಣ್ಣಗೆ ಹೆಚ್ಚಿ ಬೇಳೆಯೊಂದಿಗೆ ಬೇಯಿಸಬಹುದು. ಅಗಿಯಲಾಗದವರಿಗೆ ಬೀಜಗಳನ್ನು ಪುಡಿಮಾಡಿ ಗಂಜಿಗೋ ಮೊಸರಿಗೋ ಬೆರೆಸಬಹುದು. ಚಹಾದ ಜೊತೆಗಿನ ಬಿಸ್ಕತ್ತಿನ ಬದಲು ಬೇಯಿಸಿದ ಮೊಟ್ಟೆ ಅಥವಾ ಬೇಯಿಸಿದ ಕಾಳು ಇಟ್ಟರೆ ಬೆಳಗಿನ ಖಾಲಿ ಹೊತ್ತು ತುಂಬುತ್ತದೆ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಎಲ್ಲ ಸೇರಿ ಒಂದು ಚಹಾ ಚಮಚದೊಳಗೆ. ಪೊಟ್ಟಣದ ತಿನಿಸು ಮತ್ತು ಸಿದ್ಧ ಸೂಪುಗಳನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಪ್ಪು ಇಳಿಸಿದಾಗ ನಿಂಬೆರಸ, ಮೆಣಸು, ಬೆಳ್ಳುಳ್ಳಿಯನ್ನು ಸ್ವಲ್ಪ ಹೆಚ್ಚಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಸಪ್ಪೆಯಾದ ಊಟವನ್ನೇ ಅವರು ಬಿಟ್ಟುಬಿಡುತ್ತಾರೆ.

ಪ್ರೋಟೀನಿನ ವಿಷಯದಲ್ಲಿ ಹಿರಿಯರಿಗೆ ಕಡಿಮೆ ಸಾಕೆಂಬ ನಂಬಿಕೆ ತಪ್ಪು. ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಎಂಬುದು ವೃದ್ಧಾಪ್ಯ ತಜ್ಞರ ಸಲಹೆಯಾಗಿರುವುದರಿಂದ 60 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 72 ಗ್ರಾಂ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಮಾತ್ರ ಇರುತ್ತದೆ ಎಂಬುದನ್ನು ನೆನೆದರೆ, ಒಂದೇ ಹೊತ್ತಿನಲ್ಲಿ ಇದನ್ನು ತುಂಬಿಸಲಾಗದು, ಮೂರೂ ಹೊತ್ತಿಗೆ ಹಂಚಬೇಕು ಎಂಬುದು ತಿಳಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಮಾತ್ರೆಗಳ ಮಾರುಕಟ್ಟೆ

ನೆನಪಿನ ಶಕ್ತಿಗೆಂದು ಮಾರುವ ಡಬ್ಬಿಗಳಿಗೆ ಹಣ ಸುರಿಯುವ ಮೊದಲು ಗಿಂಕ್ಗೊ ಎಂಬ ಮರದ ಎಲೆಯ ಸಾರದ ಕಥೆ ತಿಳಿದಿರಲಿ. 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವರ್ಷಗಟ್ಟಲೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ ಅದು ಡಿಮೆನ್ಶಿಯಾವನ್ನು, ಅಂದರೆ ನೆನಪು ಮತ್ತು ಯೋಚನೆಯ ಶಕ್ತಿ ಕುಂದುತ್ತ ಹೋಗುವ ಸ್ಥಿತಿಯನ್ನು, ತಡೆಯಲಿಲ್ಲವೆಂದು 2008ರಲ್ಲೇ ಸ್ಪಷ್ಟವಾಯಿತು. ಬಿ ಮತ್ತು ಇ ವಿಟಮಿನ್, ಒಮೆಗಾ-3ರಂಥ ಕೊಬ್ಬಿನಾಮ್ಲದ ಮಾತ್ರೆಗಳನ್ನು ಮರೆವು ತಡೆಯುವ ಉದ್ದೇಶಕ್ಕೆ ಶಿಫಾರಸು ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರೀಕ್ಷೆಯಲ್ಲಿ ಸಾಬೀತಾದ ಕೊರತೆಗೆ ಕೊಡುವ ಮಾತ್ರೆಯ ಮಾತು ಬೇರೆ.

ಔಷಧಿಯೊಂದಿಗೆ ಊಟ ಘರ್ಷಿಸುವ ಜಾಗಗಳು

ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಏಕೆಂದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಔಷಧಿಯ ಪರಿಣಾಮವನ್ನು ತಗ್ಗಿಸುತ್ತದೆ; ವೈದ್ಯರಿಗೆ ತಿಳಿಸಿ, ಪ್ರತಿ ವಾರ ಒಂದೇ ಪ್ರಮಾಣ ತಿಂದರೆ ತೊಂದರೆಯಿಲ್ಲ. ಸೋಡಿಯಂ ಕಡಿಮೆ ಎಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಿಗೆ ಅದು ಅಪಾಯಕಾರಿ.

ಡಿಮೆನ್ಶಿಯಾ ಈಗಾಗಲೇ ಇದ್ದರೆ

ರೋಗ ಮುಂದುವರಿದವರಲ್ಲಿ ಆದ್ಯತೆಗಳು ತಲೆಕೆಳಗಾಗುತ್ತವೆ. ಅಲ್ಲಿ ಉಪ್ಪು, ಬೆಣ್ಣೆ, ಸಿಹಿಗಿಂತ ತೂಕ ಇಳಿಯುವುದೇ ದೊಡ್ಡ ಅಪಾಯ. ಆರು ತಿಂಗಳಲ್ಲಿ ತೂಕದ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು 3 ಕಿಲೋ ಇಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಹಳೆಯ ಪಥ್ಯಗಳಲ್ಲಿ ಯಾವುದನ್ನು ಸಡಿಲಿಸಬಹುದೆಂದು ಅವರಲ್ಲೇ ಕೇಳಿ, ಇಷ್ಟವಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ತಟ್ಟೆಯ ಬಣ್ಣ ಆಹಾರದ ಬಣ್ಣಕ್ಕಿಂತ ಬೇರೆಯಾಗಿದ್ದರೆ ತಿನ್ನುವುದು ಸುಲಭ. ಚಮಚ ಹಿಡಿಯಲು ತಡವರಿಸುವವರಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದನ್ನೇ ಮಾಡಿಕೊಡಬಹುದು. ಊಟ ಮಾಡುವಾಗ ಕೆಮ್ಮು, ನುಂಗಿದ ಮೇಲೆ ಧ್ವನಿಯಲ್ಲಿ ಗೊರಗೊರ, ಆಹಾರ ಕೆನ್ನೆಯಲ್ಲೇ ಉಳಿಯುವುದು ಕಂಡರೆ ಒತ್ತಾಯ ಮಾಡದೆ ನಿಲ್ಲಿಸಿ, ನುಂಗುವಿಕೆಯ ತಪಾಸಣೆ ಮಾಡಿಸಬೇಕು. ಅಲ್ಲಿಯವರೆಗೆ ಬೆನ್ನು ನೆಟ್ಟಗಿಟ್ಟು ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಹಾಗೆಯೇ ಕೂರುವಂತೆ ನೋಡಿಕೊಳ್ಳಬೇಕು.