ಬಂಗಡೆ ಅಚ್ಚು ಒತ್ತಿ, ಫೋಟೊ ಬಿಟ್ಟು

ನನ್ನ ಮೊದಲ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಅತ್ತಿಗೆಯ ಕೆನ್ನೆ ನೀಲಿಯಾಗಿದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ತೆಗೆದ ಫೋಟೊ. ಮೂಲೆಯಲ್ಲಿ ಒಂದು ಮೀನು ಇರಲಿ ಅಂತ ಆಫೀಸಿನ ಸ್ಟಾಂಪ್ ಪ್ಯಾಡ್‌ಗೆ ಅಚ್ಚು ಅದ್ದಿ ಒತ್ತಿದ್ದೆ. ಮಾರನೇ ದಿನವೂ ಶಾಯಿ ಹಸಿ. ಕೈ ತಾಗಿದ್ದೇ ತಡ, ಮೀನು ಈಜಿಕೊಂಡು ಅತ್ತಿಗೆಯ ಮುಖಕ್ಕೆ ಹೋಯಿತು.

ತಪ್ಪು ಶಾಯಿಯದಲ್ಲ, ನನ್ನದು. ಹೊಳಪಿನ ಫೋಟೊ ಹಾಳೆ ಕಾಗದದ ಹಾಗೆ ಶಾಯಿ ಹೀರುವುದಿಲ್ಲ. ಮೇಲೇ ನಿಂತುಬಿಡುತ್ತದೆ. ಫೋಟೊದ ಮೇಲೇ ಒತ್ತಬೇಕೆಂದರೆ ಸಾಲ್ವೆಂಟ್ ಶಾಯಿಯ, ಅಂದರೆ ಹೀರದ ಮೇಲ್ಮೈಯಲ್ಲೂ ಬೇಗ ಒಣಗುವ ಶಾಯಿಯ ಪ್ಯಾಡ್ ಬೇಕು. ಸ್ಟೇಜ್‌ಆನ್ ಅಂಥದ್ದು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೂ ಮೊದಲು ಬೇಡದ ಪ್ರಿಂಟ್ ಮೇಲೆ ಒತ್ತಿ ನೋಡಿ. ಅಜ್ಜಿಯ ಕಾಲದ ಕಪ್ಪು-ಬಿಳುಪು ಫೋಟೊ ಮುಟ್ಟಲೇಬೇಡಿ. ಸ್ಕ್ಯಾನ್ ಮಾಡಿಸಿ, ಪ್ರತಿ ಅಂಟಿಸಿ.

ನನ್ನನ್ನು ಕೇಳಿದರೆ ಫೋಟೊ ಬಿಟ್ಟು ಸುತ್ತಲಿನ ಹಾಳೆಗೆ ಅಚ್ಚು ಒತ್ತುವುದೇ ಚಂದ. ಹಾಳೆ ದಪ್ಪಗಿರಲಿ, ಆಸಿಡ್ ಇಲ್ಲದ್ದಾಗಿರಲಿ. ದಿನಪತ್ರಿಕೆಯ ತುಂಡು ಕತ್ತರಿಸಿ ಅಂಟಿಸಿದರೆ ಆಸಿಡ್‌ನಿಂದಾಗಿ ಅದು ಹಳದಿಯಾಗಿ ಪಕ್ಕದ ಫೋಟೊವನ್ನೂ ಕೆಡಿಸುತ್ತದೆ.

ಇನ್ನು ಅಚ್ಚು. ಅಂಗಡಿಯ ಹೃದಯ, ನಕ್ಷತ್ರ ಎಲ್ಲರ ಆಲ್ಬಂನಲ್ಲೂ ಇರುತ್ತವೆ, ಅಲ್ವಾ? ನಮ್ಮದನ್ನು ನಾವೇ ಕೊರೆಯೋಣ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರ್ ಸಾಕು. ಬಟರ್ ಪೇಪರ್ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಚಿತ್ರ ಬರೆಯಿರಿ. ಬರೆದ ಬದಿಯನ್ನು ರಬ್ಬರಿಗೆ ಕವುಚಿ ಉಗುರಿನಿಂದ ಉಜ್ಜಿ. ಚಿತ್ರ ತಿರುಗುಮುರುಗಾಗಿ ಅಲ್ಲಿ ಮೂಡುತ್ತದೆ. ಒತ್ತುವಾಗ ಮತ್ತೆ ಸರಿಯಾಗುತ್ತದೆ. ‘ಗೋಕರ್ಣ’ ಅಂತ ಊರ ಹೆಸರು ಕೊರೆಯುವವರಿಗೆ ಈ ಉಪಾಯ ಬೇಕೇ ಬೇಕು. ಗೆರೆಯ ಹೊರಗಿನದನ್ನು ಕಟರ್ ಬ್ಲೇಡಿನಿಂದ ಎರಡು ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೆಯಿರಿ. ಬ್ಲೇಡ್ ಸದಾ ಬೆರಳಿಂದ ಆಚೆಗೆ ಓಡಲಿ.

ಮೊದಲಿಗೆ ಬಂಗಡೆ ಕೊರೆಯಿರಿ, ಸುಲಭ. ಯಾಣದ ಎರಡು ಕಪ್ಪು ಶಿಖರ ಅದಕ್ಕಿಂತ ಸುಲಭ. ಶಿರಸಿ ಜಾತ್ರೆಯ ತೇರು ಕೈ ಪಳಗಿದ ಮೇಲೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಯವಿದೆ. ಹಳೆಯ ದೇವಸ್ಥಾನಗಳ ಗೋಡೆಯ ಕಾವಿ ಕಲೆ ನೋಡಿದ್ದೀರಾ? ಬಿಳಿಯ ಮೇಲೆ ಕೆಮ್ಮಣ್ಣು ಬಣ್ಣದ ಬಳ್ಳಿ, ಹೂವು. ಅದೇ ಬಣ್ಣದ ಶಾಯಿಯಲ್ಲಿ ಹಾಳೆಯ ಅಂಚಿಗೆ ಸಾಲಾಗಿ ಒತ್ತಿದರೆ ಬೇರೆ ಅಲಂಕಾರವೇ ಬೇಡ.

ಮಕ್ಕಳ ಕೈಗೆ ಬ್ಲೇಡ್ ಬೇಡ, ಬೆಂಡೆಕಾಯಿ ಕೊಡಿ. ಅಡ್ಡ ಕತ್ತರಿಸಿ ಬಟ್ಟೆಯಲ್ಲಿ ಒರೆಸಿ ಪೋಸ್ಟರ್ ಬಣ್ಣಕ್ಕೆ ಅದ್ದಿದರೆ ಐದು ಎಸಳಿನ ಹೂವು. ಹಾಲುಬೆಂಡೆಯಾದರೆ ಎಸಳು ಜಾಸ್ತಿ. ಲೋಳೆ, ನೀರು ಇರುವುದರಿಂದ ಇದು ಹಾಳೆಗೆ ಮಾತ್ರ, ಫೋಟೊ ಅಂಟಿಸುವ ಮೊದಲೇ.

ಒತ್ತುವಾಗ ಅಚ್ಚನ್ನು ಪ್ಯಾಡಿಗೆ ಗುದ್ದಬೇಡಿ. ಅಚ್ಚನ್ನು ಮೇಲ್ಮುಖವಾಗಿಟ್ಟು ಪ್ಯಾಡಿನಿಂದ ಮೆಲ್ಲಗೆ ತಟ್ಟಿ. ಹಾಳೆಯ ಕೆಳಗೆ ನಾಲ್ಕು ಮಡಿಕೆ ಪೇಪರ್ ಇರಲಿ. ನೇರ ಇಟ್ಟು, ಒತ್ತಿ, ನೇರ ಎತ್ತಿ. ಅಲ್ಲಾಡಿಸಿದರೆ ಬಂಗಡೆಗೆ ಎರಡು ಬಾಲ. ಹಿನ್ನೆಲೆ ತಿಳಿಯಾಗಿ ಬೇಕಾದರೆ ಒಂದು ಸಲ ರದ್ದಿ ಕಾಗದಕ್ಕೆ ಒತ್ತಿ, ಶಾಯಿ ಹಚ್ಚದೆ ಎರಡನೇ ಸಲ ಆಲ್ಬಂಗೆ ಒತ್ತಿ.

ಎಲ್ಲ ಒಣಗಿದ ಮೇಲೆ ಫೋಟೊ. ಗೋಂದು ಸುರಿಯಬೇಡಿ. ನಾಲ್ಕು ಮೂಲೆಗೆ ಕಾಗದದ ತ್ರಿಕೋನ ಮಡಚಿ ಅಂಟಿಸಿ, ಫೋಟೊ ಅದರೊಳಗೆ ಸಿಕ್ಕಿಸಿ. ಬೇಕಾದಾಗ ತೆಗೆಯಬಹುದು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಪ್ಪಳವೇ ಒಣಗದು, ಶಾಯಿ ಎಲ್ಲಿ ಒಣಗೀತು? ಥಂಡಿಗೆ ಫೋಟೊದ ಮೇಲ್ಪದರವೂ ಮೆತ್ತಗಾಗಿ ಎದುರಿನ ಪುಟಕ್ಕೆ ಅಂಟುತ್ತದೆ. ಪುಟಗಳ ನಡುವೆ ಬಟರ್ ಪೇಪರ್ ಇಡಿ. ಆಲ್ಬಂ ಇಡುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನಾನಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಅಚ್ಚು ಕೊರೆಯುತ್ತಾ ಕೂರುತ್ತೇನೆ. ಒತ್ತುವುದೇನಿದ್ದರೂ ದಸರಾ ಕಳೆದ ಮೇಲೆ.