ರೀಸ್ಲಿಂಗ್ ರುಚಿ ನೋಡಲು ಹೊರಟ ನಮ್ಮ ದ್ರಾಕ್ಷಿ ಮಂದಿಗೆ

ಜತ್ತ, ಅಕ್ಕಲಕೋಟ ಕಡೆಯ ಹುಡುಗರು ಈಗ ಜರ್ಮನಿಗೆ ನೌಕರಿಗೆ ಹೋಗುತ್ತಿದ್ದಾರೆ. ಬೆನ್ನಿಗೇ ಅಪ್ಪ, ಅವ್ವ, ಕಾಕಾ, ಕಾಕು ಹೋಗಿ ಅರಮನೆ, ಚರ್ಚಿನ ಮುಂದೆ ಫೋಟೋ ಹೊಡೆಸಿಕೊಂಡು ಬರುತ್ತಾರೆ. ಜೀವನವೆಲ್ಲ ದ್ರಾಕ್ಷಿಯಲ್ಲೇ ಕಳೆದವರು ಅಲ್ಲಿಯ ರೀಸ್ಲಿಂಗ್, ಅಂದರೆ ಬಿಳಿ ವೈನ್ ಮಾಡುವ ದ್ರಾಕ್ಷಿಯ ತೋಟ ನೋಡದೆ ತಿರುಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ಅಣ್ಣನ ಮಗ ಫ್ರಾಂಕ್‌ಫರ್ಟಿನಲ್ಲಿ ಇರುವುದರಿಂದ ನಾನು ಅಡ್ಡಾಡಿ ಬಂದೆ. ಕುಡಿಯದವರೂ ಓದಿ, ಅರ್ಧ ಮಾತು ಗಿಡದ್ದೇ ಇದೆ.

ಒಂದೇ ದಿನ ಕೈಯಲ್ಲಿದ್ದರೆ ರೈನ್ ನದಿ ದಂಡೆಯ ವೈನ್ ಸೀಮೆ ರೈನ್‌ಗೌ ಸಾಕು. ಫ್ರಾಂಕ್‌ಫರ್ಟಿನಿಂದ ವೀಸ್‌ಬಾಡೆನ್ ಮೇಲೆ ಹಾಯ್ದು ರೈನ್ ನದಿಗುಂಟ ಲೋಕಲ್ ರೈಲು ಹೋಗುತ್ತದೆ. ಎಲ್ಟ್‌ವಿಲ್‌ನಲ್ಲಿ ಇಳಿದು ಬಸ್ಸು ಹಿಡಿದರೆ 1136ರಲ್ಲಿ ಶುರುವಾದ ಎಬರ್‌ಬಾಖ್ ಮಠ. ಸನ್ಯಾಸಿಗಳು ರಸ ಹಿಂಡುತ್ತಿದ್ದ ಆಳೆತ್ತರ ಮೀರಿದ ಕಟ್ಟಿಗೆಯ ಯಂತ್ರಗಳು ಇನ್ನೂ ನಿಂತಿವೆ. ಮುಂದೆ ಯೊಹಾನಿಸ್‌ಬೆರ್ಗ್ ಕೋಟೆಮನೆ. 1775ರಲ್ಲಿ ಕೊಯ್ಲಿನ ಅಪ್ಪಣೆ ತರುವ ಸವಾರ ತಡಮಾಡಿ, ಗೊನೆ ಕೊಳೆತು, ಆದರೂ ವೈನ್ ಅಪರೂಪದ್ದಾಯಿತು ಎಂಬ ಕಥೆ ಅಲ್ಲಿಯದು. ‘ಶ್ಪೇಟ್‌ಲೇಸ’, ಅಂದರೆ ತಡದ ಕೊಯ್ಲಿನ ವೈನ್, ಹೆಸರಾಗಿದ್ದು ಹಾಗೆ. ರೂಡೆಸ್‌ಹೈಮಿನ ಡ್ರೋಸೆಲ್‌ಗಾಸೆ ಗಲ್ಲಿಯಲ್ಲಿ ಬರೀ ಜಾತ್ರೆ ಗದ್ದಲ, ಬಿಟ್ಟುಬಿಡಿ.

ರಾತ್ರಿ ಉಳಿಯುವುದಾದರೆ ಮೋಸೆಲ್ ನದಿಯ ಕಡೆ ಹೋಗಿ. ಕೋಬ್ಲೆನ್ಸಿನಿಂದ ಕೋಖೆಮ್‌ಗೆ ರೈಲಿದೆ. ಗ್ಲಾಸು ಹಿಡಿಯುವ ಮೊದಲು ಗುಡ್ಡ ಹತ್ತಿ. ಬ್ರೆಮ್ ಊರಿನ ಕಾಲ್ಮೊಂಟ್ ತೋಟ ಕೆಲವು ಕಡೆ 60 ಡಿಗ್ರಿಗೂ ಕಡಿದು. ಟ್ರ್ಯಾಕ್ಟರ್ ಮಾತೇ ಇಲ್ಲ. ಹಳೆಯ ಪ್ಲಾಟಿನಲ್ಲಿ ನಮ್ಮಂಥ ವೈ ಆಂಗಲ್ (ಬಳ್ಳಿ ಹಬ್ಬಿಸುವ ವೈ ಆಕಾರದ ಕಂಬ), ತಂತಿ ಯಾವುದೂ ಇಲ್ಲ. ಗಿಡಕ್ಕೊಂದು ಗೂಟ, ಎರಡು ಕಡ್ಡಿ ಎರಡೂ ಕಡೆ ಬಗ್ಗಿಸಿ ಕೆಳಗೆ ಕಟ್ಟಿರುತ್ತಾರೆ. ನೆಲದ ತುಂಬ ಚಪ್ಪಟೆ ಕರಿಗಲ್ಲು. ಸಂಜೆ ಅದರ ಮೇಲೆ ಕೈ ಇಟ್ಟು ನೋಡಿ: ಹಗಲಿನ ಬಿಸಿ ಇನ್ನೂ ಇರುತ್ತದೆ. ಆ ಥಂಡಿ ದೇಶದಲ್ಲಿ ಹಣ್ಣು ಮಾಗುವುದಕ್ಕೆ ಆ ಕಾವೂ ಒಂದು ಆಸರೆ. ನಾವು ಡಾಗ್ರಿಜ್ ಎಂಬ ಕಾಡು ದ್ರಾಕ್ಷಿಯ ಬೇರಿಗೆ ಕಸಿ ಕಟ್ಟದೆ ತೋಟ ಮಾಡುವುದಿಲ್ಲ. ಅಲ್ಲಿ ಸ್ವಂತ ಬೇರಿನ ಮುದಿ ಗಿಡಗಳು ಇನ್ನೂ ಉಳಿದಿವೆ.

ಸಣ್ಣ ವೈನರಿಗಳು ಮನೆಯಲ್ಲೇ ನಡೆಯುತ್ತವೆ. ಮೊದಲೇ ಫೋನ್ ಇಲ್ಲವೇ ಇಮೇಲ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ. ಭಾನುವಾರ ಬಹಳ ಕಡೆ ಬಾಗಿಲು ಹಾಕಿರುತ್ತಾರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅವರ ಕೊಯ್ಲಿನ ಕಾಲ. ನಮ್ಮ ಮನೆಯಲ್ಲಿ ಬೇದಾಣಾ (ಒಣದ್ರಾಕ್ಷಿ) ಶೆಡ್ ತುಂಬುವಾಗ ಬೀಗರು ಬಂದರೆ ಎಷ್ಟು ಮಾತಾಡುತ್ತೇವೋ ಅವರೂ ಅಷ್ಟೇ. ದಿನಕ್ಕೆ ಎರಡು ಮನೆ ಸಾಕು, ಮೂರನೆಯದರಲ್ಲಿ ನಾಲಿಗೆ ಕೆಲಸ ಮಾಡುವುದಿಲ್ಲ.

ಲೇಬಲ್ ಮೇಲಿನ ಉದ್ದುದ್ದ ಹೆಸರಿಗೆ ಹೆದರಬೇಡಿ, ಮೂಲೆಯಲ್ಲಿರುವ ಆಲ್ಕೊಹಾಲ್ ಶೇಕಡಾ ಅಂಕಿ ಹುಡುಕಿ. 8-9 ಇದ್ದರೆ ಸಕ್ಕರೆ ಪೂರ್ತಿ ಹುದುಗದೆ ಉಳಿದಿದೆ, ಸಿಹಿ ಇರುತ್ತದೆ. 12 ದಾಟಿದ್ದರೆ ಸಾಮಾನ್ಯವಾಗಿ ಸಿಹಿ ಇರುವುದಿಲ್ಲ. ‘ಟ್ರೋಕನ್’ ಅಂತ ಬರೆದಿದ್ದರೆ ಲೀಟರಿಗೆ 9 ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುವಂತಿಲ್ಲ. ಸಿಹಿ ಇಲ್ಲದ ವೈನಿನಿಂದ ಶುರುಮಾಡಿ ಸಿಹಿ ವೈನಿಗೆ ಹೋಗಿ. ಹಣ್ಣಿನ ಸಕ್ಕರೆ ಅಳೆಯಲು ಅವರು ನಮ್ಮಂತೆ ಬ್ರಿಕ್ಸ್ ಅನ್ನುವುದಿಲ್ಲ, ‘ಎಕ್ಸ್‌ಲೆ’ ಅನ್ನುತ್ತಾರೆ. ನಮ್ಮ 20 ಬ್ರಿಕ್ಸ್ ಅಂದರೆ ಸುಮಾರು 83 ಎಕ್ಸ್‌ಲೆ. ಮೋಸೆಲ್‌ನ ‘ಕಾಬಿನೆಟ್’ ದರ್ಜೆಗೆ 70 ಸಾಕು, ಅಂದರೆ ಸುಮಾರು 17 ಬ್ರಿಕ್ಸ್! ಬೇದಾಣಾಕ್ಕೆ 22 ಬಾರದೆ ನಾವು ಗೊನೆ ಮುಟ್ಟುವುದಿಲ್ಲ. ಅಷ್ಟು ಕಡಿಮೆ ಸಕ್ಕರೆಗೆ ಕೊಯ್ದ ಹಣ್ಣಿನ ಹುಳಿಯೇ ಅವರ ಬಂಡವಾಳ. ಸಿಹಿ ಎಷ್ಟಿದ್ದರೂ ಬಾಯಿಗೆ ಜಿಡ್ಡು ಹಿಡಿಯದ್ದು ಅದರಿಂದಲೇ.

ಹಳೆಯ ಬಾಟಲಿ ತೆಗೆದರೆ ಚಿಮಣಿ ಎಣ್ಣೆಯ ವಾಸನೆ ಬರಬಹುದು. ಕೆಟ್ಟಿದೆ ಅಂತ ಮುಖ ಕಿವುಚಬೇಡಿ. ಟಿಡಿಎನ್ ಎಂಬ ಪದಾರ್ಥ ಅದು, ವರ್ಷ ಕಳೆದಂತೆ ಹೊರಬೀಳುತ್ತದೆ. ನನಗಂತೂ ಆ ವಾಸನೆಯೇ ಸೇರಿತು. ಟೇಬಲ್ ಮೇಲಿನ ಪಾತ್ರೆ ಉಗುಳುವುದಕ್ಕೇ ಇಟ್ಟದ್ದು. ಮಂದಿಯ ಮನೆಯಲ್ಲಿ ಉಗುಳುವುದು ಹೇಗೆ ಅನಿಸುತ್ತದೆ, ಆದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಗಾಡಿ ಹೊಡೆಯುವವನಿಗೆ ರಕ್ತದಲ್ಲಿ ಆಲ್ಕೊಹಾಲ್ 0.5 ಪ್ರೊಮಿಲ್ (ಸಾವಿರಕ್ಕೆ ಅರ್ಧ ಪಾಲು) ಮಿತಿ, ರೈಲೇ ವಾಸಿ.

ವೈನ್ ಬೆಳೆಗಾರರು ವರ್ಷದಲ್ಲಿ ಕೆಲವೇ ತಿಂಗಳು ಅಂಗಳದಲ್ಲಿ ಊಟಕ್ಕೆ ಹಾಕುವ ‘ಶ್ಟ್ರೌಸ್‌ವಿರ್ಟ್‌ಶಾಫ್ಟ್’ ಕಂಡರೆ ಒಳಗೆ ಹೋಗಿ. ಕಾಯಿಪಲ್ಲೆ ಉಣ್ಣುವವರು ಉಳ್ಳಾಗಡ್ಡಿ ಕೇಕು ತರಿಸುವ ಮೊದಲು ‘ಓನೆ ಶ್ಪೆಕ್’ ಅನ್ನಿ. ಇಲ್ಲದಿದ್ದರೆ ಅದರಲ್ಲಿ ಹಂದಿಮಾಂಸದ ಚೂರು ಇರಬಹುದು. ರೊಟ್ಟಿಗೆ ಹಚ್ಚಿಕೊಳ್ಳುವ ಶ್ಪುಂಡೆಕೇಸ್ ಚೀಸು ನಮ್ಮವರಿಗೆ ಒಗ್ಗುತ್ತದೆ.

ಒಬ್ಬರಿಗೆ ಕಸ್ಟಮ್ಸ್ ಸುಂಕವಿಲ್ಲದೆ 2 ಲೀಟರು ತರಬಹುದು: 750 ಮಿಲಿಯ ಎರಡು, 375ರ ಸಣ್ಣದೊಂದು. ಆ ಸಣ್ಣದಕ್ಕೆ ಚೆನ್ನಾಗಿ ಮಾಗಿದ ಗೊನೆ ಆಯ್ದು ಮಾಡುವ ಸಿಹಿ ‘ಔಸ್‌ಲೇಸ’ ಆರಿಸಿ, ಕಾಕುಗಳಿಗೂ ಹಿಡಿಸುತ್ತದೆ.